ಬಾಯಿ ಇರೋ ಸಾಲ, ಬಾಯಿ ಇಲ್ಲದ ಸಾಲ

2024ರ ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು. ಆಗ ನಾನು ಐದು ತಿಂಗಳ ಬಸುರಿ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಸಂಬಳ 24,000. ಎಸಿ ರೂಮಿನಲ್ಲಿ ಕೂರಿಸಿ, ಕಾಫಿ ತರಿಸಿ, "ಆರ್ಡರ್ ಕಮ್ಮಿ ಆಗಿದೆ, ನೀವೇ ರಾಜೀನಾಮೆ ಬರೆದುಕೊಟ್ಟುಬಿಡಿ, ಒಳ್ಳೆ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡ್ತೀವಿ" ಅಂದರು. ನಾನು ಪೆದ್ದಿ, ಬರೆದುಕೊಟ್ಟೆ.

ಆಗ ಇದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳದ ರಜೆ. ಬಸುರಿಯನ್ನು ಕೆಲಸದಿಂದ ತೆಗೆದುಹಾಕಿದರೂ ಆ ದುಡ್ಡು ತಪ್ಪಿಸುವ ಹಾಗಿರಲಿಲ್ಲ. ಆದರೆ ನನ್ನನ್ನು ಯಾರೂ ತೆಗೆದಿರಲಿಲ್ಲವಲ್ಲ, ನಾನೇ ಬಿಟ್ಟಿದ್ದೆ, ಕಾಗದದ ಮೇಲೆ! ಸಂಬಳ 21,000 ದಾಟಿದ್ದರಿಂದ, ಕಮ್ಮಿ ಸಂಬಳದವರಿಗೆ ಇರುವ ಸರ್ಕಾರಿ ವಿಮೆ ಇಎಸ್‌ಐ ಕೂಡ ಇರಲಿಲ್ಲ. ಆ ಇನ್‌ಕ್ರಿಮೆಂಟ್ ಬಂದಾಗ ಆಫೀಸಿಗೆಲ್ಲ ಮೈಸೂರು ಪಾಕ್ ಹಂಚಿದ್ದೆ. ಯಾರಾದರೂ ಹೀಗೆ ಕಾಫಿ ಕೊಟ್ಟು ಕಾಗದ ಮುಂದಿಟ್ಟರೆ ದಯವಿಟ್ಟು ಕಾಫಿ ಮಾತ್ರ ಕುಡಿದು ಎದ್ದು ಬನ್ನಿ. ಮನೆಗೆ ಹೋಗಿ ಕೇಳಿಕೊಂಡು ಬರ್ತೀನಿ ಅನ್ನಿ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಸಾಲ ಮೊದಲೇ ಇತ್ತು. ಇಬ್ಬರ ಸಂಬಳ ಇದ್ದಾಗ ಅದು ಸಾಲ ಅಂತ ಅನ್ನಿಸಿರಲಿಲ್ಲ, ಅಷ್ಟೆ. ಯಜಮಾನರು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿದ್ದಾರೆ, ಕೈಗೆ 19,000. ಬೈಕಿನ ಇಎಂಐ 3,400. ಹಿಂದಿನ ಬೀದಿಯ ಅಕ್ಕನ ಹತ್ತಿರ ಚೀಟಿ ಎತ್ತಿದ್ದೆ, ತಿಂಗಳಿಗೆ 5,000 ಕಟ್ಟಬೇಕು. ಗೆಳತಿಯ ಕೈಸಾಲ 15,000. ಆಮೇಲೆ ನನ್ನ ಕ್ರೆಡಿಟ್ ಕಾರ್ಡ್.

ನಾನು ಮಾಡಿದ ತಪ್ಪು ಇಲ್ಲಿದೆ. ಚೀಟಿ ಅಕ್ಕ ತಿಂಗಳ 5ನೇ ತಾರೀಖು ಗೇಟಿನ ಹತ್ತಿರ ನಿಂತು, "ಏನವ್ವ, ಊಟ ಆಯ್ತಾ?" ಅಂತ ಶುರು ಮಾಡುತ್ತಾರೆ. ಅತ್ತೆ ಒಳಗೇ ಇರುತ್ತಾರೆ. ಮರ್ಯಾದೆ ಪ್ರಶ್ನೆ, ಅಲ್ವಾ? ಅದಕ್ಕೆ ಕಾರ್ಡಿನಿಂದ ಕ್ಯಾಶ್ ತೆಗೆದು ಚೀಟಿ ಕಟ್ಟಿದೆ. ಗೆಳತಿಗೂ ಹಾಗೇ ಅರ್ಧ ತೀರಿಸಿದೆ. ಕಾರ್ಡಿನಲ್ಲಿ ಕ್ಯಾಶ್ ತೆಗೆದರೆ ಅವತ್ತಿನಿಂದಲೇ ಬಡ್ಡಿ ಓಡುತ್ತೆ ಅಂತ ಅಕೌಂಟ್ಸ್ ಓದಿದ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಕಾರ್ಡಿಗೆ ಬಾಯಿ ಇರಲಿಲ್ಲ, ಅದು ಗೇಟಿನ ಹತ್ತಿರ ಬಂದು ನಿಲ್ಲುತ್ತಿರಲಿಲ್ಲ.

ಒಂದು ರಾತ್ರಿ ಯಜಮಾನರು ನೈಟ್ ಶಿಫ್ಟ್‌ಗೆ ಹೋಗಿದ್ದರು, ನನಗೆ ಎದೆಯುರಿ, ನಿದ್ದೆ ಇಲ್ಲ. ಕ್ಯಾಲೆಂಡರಿನ ಹಳೇ ಹಾಳೆ ಹರಿದು ಹಿಂದುಗಡೆ ಎಲ್ಲ ಸಾಲ ಬರೆದೆ, ಪ್ರತಿಯೊಂದರ ಮುಂದೆ ತಿಂಗಳಿಗೆ ಎಷ್ಟು ಬಡ್ಡಿ ಅಂತಲೂ ಬರೆದೆ. ಗೆಳತಿ: ಸೊನ್ನೆ. ಚೀಟಿ: ಇನ್ನು ಹೊಸದಾಗಿ ಏರುವುದೇನಿಲ್ಲ, ಸೊನ್ನೆ. ಕಾರ್ಡ್: 1,18,000 ಬಾಕಿ, ತಿಂಗಳಿಗೆ 3.5%, ಬಡ್ಡಿ ಮೇಲೆ ಜಿಎಸ್‌ಟಿ, ಒಟ್ಟು 4,800ಕ್ಕೂ ಜಾಸ್ತಿ. ನಾನು ನಿಯತ್ತಾಗಿ ಕಟ್ಟುತ್ತಿದ್ದ ಮಿನಿಮಮ್ ಡ್ಯೂ, ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 5,900. ಅಂದರೆ ಅಸಲಿಗೆ ಹೋಗುತ್ತಿದ್ದದ್ದು ಸಾವಿರ ರೂಪಾಯಿ! ಕೂಗಾಡುವ ಸಾಲಕ್ಕೆಲ್ಲ ಹೆದರಿಕೊಂಡು, ಸುಮ್ನೆ ಕೂತು ತಿನ್ನುತ್ತಿದ್ದ ಸಾಲವನ್ನು ನಾನೇ ಸಾಕುತ್ತಿದ್ದೆ.

ಬೆಳಗ್ಗೆ ಆ ಹಾಳೆಯನ್ನು ಯಜಮಾನರಿಗೆ ತೋರಿಸಿದೆ. ಕಾರ್ಡಿನ ಮೊತ್ತ ಅವರಿಗೆ ಗೊತ್ತೇ ಇರಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಬಳೆ ಇಡೋಣ್ವಾ?" ಅಂದರು.

ಬೀದಿ ಕೊನೆಯ ಗಿರವಿ ಅಂಗಡಿಯಲ್ಲಿ ನೂರಕ್ಕೆ ಎರಡು ಕೇಳಿದರು, ಅಂದರೆ ವರ್ಷಕ್ಕೆ 24. ಬ್ಯಾಂಕಿನಲ್ಲಿ ವರ್ಷಕ್ಕೆ 9 ಚಿಲ್ಲರೆ. ಬ್ಯಾಂಕಿಗೇ ಹೋದೆವು. ನಾಲ್ಕು ಬಳೆ, ಅಮ್ಮ ಕಬ್ಬಿನ ದುಡ್ಡು ಬಂದ ವರ್ಷ ಮಂಡ್ಯದಲ್ಲಿ ಮಾಡಿಸಿದ್ದು. ಚಿನ್ನ ನೋಡುವವರು ಒರೆಗಲ್ಲಿಗೆ ಒಂದೊಂದನ್ನೇ ಉಜ್ಜಿದರು. ಒಂದು ಜೊತೆಯನ್ನು ಟೇಬಲ್ಲಿಗೆ ಮೆಲ್ಲಗೆ ಬಡಿದರು. ಟಣ್ ಅನ್ನಲಿಲ್ಲ, ಟಕ್ ಅಂತು. "ಮೇಡಂ, ಇದರೊಳಗೆ ಅರಗು ತುಂಬಿದ್ದಾರೆ, ತೂಕ ಕಳೀಬೇಕು." 40 ಗ್ರಾಂ ಅಂತ ಇಷ್ಟು ವರ್ಷ ನಂಬಿದ್ದೆವು, ಲೆಕ್ಕಕ್ಕೆ ಬಂದಿದ್ದು 31. ಅಮ್ಮನಿಗೆ ಗೊತ್ತಿತ್ತಾ, ಇಲ್ಲ ಅಂಗಡಿಯವನು ಟೋಪಿ ಹಾಕಿದನಾ? ಅಲ್ಲೇ ಪ್ಲಾಸ್ಟಿಕ್ ಚೇರಿನಲ್ಲಿ ಕೂತು, ಹೊಟ್ಟೆ ಮೇಲೆ ಕೈಯಿಟ್ಟುಕೊಂಡು, ಅದನ್ನೇ ಯೋಚನೆ ಮಾಡುತ್ತಿದ್ದೆ. ಬ್ಯಾಂಕಿನವರು ಇನ್ನೂ ಸ್ವಲ್ಪ ಜಾಸ್ತಿ ಸಿಗುತ್ತೆ ಅಂದರು, ನಾವು 1,20,000 ಮಾತ್ರ ತೆಗೆದುಕೊಂಡೆವು. ಕಾರ್ಡ್ ಪೂರ್ತಿ ಕಟ್ಟಿ, ಕ್ಲೋಸ್ ಮಾಡಿಸಿದೆ. 4,800 ಇದ್ದ ಬಡ್ಡಿ 900ಕ್ಕೆ ಬಂತು.

ಮಧ್ಯದಲ್ಲಿ ಒಂದು ಕಂತು ತಪ್ಪಿದ್ದಾಗ ರಿಕವರಿಯವನೊಬ್ಬ ಸಂಜೆ ಏಳೂಮುಕ್ಕಾಲಿಗೆ ಫೋನ್ ಮಾಡುತ್ತಿದ್ದ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಹಾಗೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದನ್ನು ಅವನಿಗೆ ಹೇಳಿ, ಕಾಲ್ ರೆಕಾರ್ಡ್ ಆಗ್ತಿದೆ ಅಂದೆ. ಮರುದಿನದಿಂದ ಹಗಲು ಹೊತ್ತೇ ಫೋನ್ ಬಂತು, "ಮೇಡಂ" ಸೇರಿಸಿಕೊಂಡು.

ಚೀಟಿ ಅಕ್ಕನ ಮನೆಗೆ ಈ ಸಲ ನಾನೇ ಹೋದೆ. "ಮೊದಲೇ ಹೇಳಬಾರದೇನವ್ವ? ಅರ್ಧ ಕಟ್ಟು, ಉಳಿದಿದ್ದು ಬಾಣಂತನ ಆದ್ಮೇಲೆ. ಆದರೆ ಮುಂದಿನ ಚೀಟಿಗೆ ನಿನ್ನ ಸೇರಿಸ್ಕೊಳಲ್ಲ" ಅಂದರು. ನ್ಯಾಯವೇ.

ಉಳಿದದ್ದು ಬೇಗ ಹೇಳುತ್ತೇನೆ. ಪಿಎಫ್‌ನಲ್ಲಿ, ಕೆಲಸ ಹೋಗಿ ಒಂದು ತಿಂಗಳಾದ ಮೇಲೆ ಆಗ 75% ತೆಗೆಯಬಹುದಿತ್ತು, ತೆಗೆದೆ. ಅತ್ತೆಯ ಗೃಹಲಕ್ಷ್ಮಿ 2,000 ಹಾಲಿಗೆ, ಗ್ಯಾಸಿಗೆ ಆಯಿತು. ಪ್ರೈವೇಟ್ ಆಸ್ಪತ್ರೆಯವರು ಹೆರಿಗೆಗೆ 75,000 ಹೇಳಿದ್ದರು. ತಾಯಿ ಕಾರ್ಡ್ ಮಾಡಿಸಿಕೊಂಡು ಸರ್ಕಾರಿ ಚೆಲುವಾಂಬ ಆಸ್ಪತ್ರೆಗೆ ಹೋದೆ, ಖರ್ಚಾಗಿದ್ದು ಆಟೋಗೆ. ಮೊದಲ ಮಗು ಅಂತ ಮಾತೃವಂದನಾ ಯೋಜನೆಯ 5,000 ಎರಡು ಕಂತಿನಲ್ಲಿ ಬಂತು. ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಮೊದಲ ದಿನ ತಲೆ ತಗ್ಗಿಸಿಕೊಂಡು ಕೂತಿದ್ದೆ, ಯಾರಾದರೂ ನೋಡಿದರೆ ಅಂತ. ಒಂದು ವಾರ ಆದ ಮೇಲೆ ಮೊಟ್ಟೆ ಚಿಕ್ಕದಿದೆ ಅಂತ ಜಗಳ ಆಡುವಷ್ಟು ಸಲಿಗೆ ಬಂತು.

ಏಳನೇ ತಿಂಗಳಲ್ಲಿ ಸೀಮಂತ ಆಯಿತು. ಮೊಣಕೈವರೆಗೆ ಹಸಿರು ಗಾಜಿನ ಬಳೆ. ಅಮ್ಮ ನನ್ನ ಕೈ ಹಿಡಿದುಕೊಂಡು, "ಚಿನ್ನದ ಬಳೆ ಎಲ್ಲವ್ವ?" ಅಂದರು. ಕೈ ಊದಿಕೊಂಡಿದೆ, ಹೋಗಲ್ಲ ಅಂದೆ.

ಮಗಳಿಗೆ ಈಗ ಒಂದೂವರೆ ವರ್ಷ. ಮನೆಯಿಂದಲೇ ಮೂರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಬ್ಯಾಂಕಿನಲ್ಲಿ ಇನ್ನೂ 41,000 ಬಾಕಿ ಇದೆ. ಕೈ ಊತ ಇಳಿದು ಯಾವ ಕಾಲ ಆಯಿತು, ಅಮ್ಮ ಮತ್ತೆ ಬಳೆಯ ಮಾತೆತ್ತಿಲ್ಲ. ಅರಗಿನ ವಿಷಯ ನಾನೂ ಹೇಳಿಲ್ಲ.