ವರ್ಕ್ಸ್ ತಂಡದ ಹಳೆಯ ಆಟಗಾರ

ಶೆಫೀಲ್ಡ್‌ನ ಮಗಳ ಮನೆಗೆ ಬಂದು ಮೂರು ವಾರವಾಗಿತ್ತು. ಮಗಳು ಆಸ್ಪತ್ರೆಯ ಪಾಳಿಗೆ, ಅಳಿಯ ಲ್ಯಾಪ್‌ಟಾಪಿಗೆ, ಮೊಮ್ಮಗ ಶಾಲೆಗೆ. ಉಳಿದ ನಾನು ಕಿಟಕಿಗೆ. ಎದುರು ಮನೆಯವರು ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡುತ್ತಾರೆ ಎಂಬುದು ಬಾಯಿಪಾಠವಾದ ಮೇಲೆ, ಶನಿವಾರ ಫುಟ್‌ಬಾಲ್ ನೋಡಲು ಹೋಗುತ್ತೇನೆ ಎಂದು ಸಾರಿಬಿಟ್ಟೆ. ಅಳಿಯನ ಮುಖ ಅರಳಿತು. ‘ಯುನೈಟೆಡ್ಡೋ ವೆಡ್ನೆಸ್‌ಡೇಯೋ, ಮಾವ?’ ಎಂದ. ಶೆಫೀಲ್ಡಿನ ಎರಡು ದೊಡ್ಡ ತಂಡಗಳು ಅವು; ಈ ಊರಿನಲ್ಲಿ ಇರುವುದು ಇವೆರಡೇ ಜಾತಿ. ನಾನು ‘ಸ್ಟಾಕ್ಸ್‌ಬ್ರಿಜ್’ ಎಂದೆ. ಇಲ್ಲಿ ಆರು ವರ್ಷದಿಂದ ಇರುವ ಅವನು ಆ ಕಡೆಗೆ ಒಮ್ಮೆಯೂ ಹೋಗಿರಲಿಲ್ಲ.

ನನಗೆ ಆ ಊರಿನ ಹೆಸರು ಗೊತ್ತಾದದ್ದು 2016ರಲ್ಲಿ. ಲೆಸ್ಟರ್ ಸಿಟಿ ತಂಡ ಪ್ರೀಮಿಯರ್ ಲೀಗ್ ಗೆದ್ದ ವರ್ಷ ಅದು. ಆ ಋತು ಶುರುವಾದಾಗ ಅವರ ಮೇಲೆ ಒಂದು ಪೌಂಡು ಕಟ್ಟಿದವರಿಗೆ ಐದು ಸಾವಿರ ಕೊಡುತ್ತೇವೆಂದು ಬಾಜಿಕಾರರು ನಗುತ್ತ ಬರೆದುಕೊಟ್ಟಿದ್ದರು. ಅದೇ ಋತುವಿನಲ್ಲಿ ಸತತ ಹನ್ನೊಂದು ಪಂದ್ಯಗಳಲ್ಲಿ ಗೋಲು ಹೊಡೆದ ಜೇಮಿ ವಾರ್ಡಿ, ಕೆಲವೇ ವರ್ಷಗಳ ಹಿಂದೆ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ತಂಡದಲ್ಲಿ ವಾರಕ್ಕೆ ಮೂವತ್ತು ಪೌಂಡಿಗೆ ಆಡುತ್ತಿದ್ದ. ಆಗ ನಾನಿನ್ನೂ ಬ್ಯಾಂಕಿನಲ್ಲಿದ್ದೆ. ನಡುರಾತ್ರಿ ಕಳೆಯುವವರೆಗೂ ಟಿ.ವಿ. ನೋಡಿ, ಬೆಳಿಗ್ಗೆ ಕೌಂಟರಿನಲ್ಲಿ ಆಕಳಿಸುತ್ತ ಕುಳಿತ ದಿನಗಳಿಗೆ ಆ ವಾರ್ಡಿಯೇ ಹೊಣೆ.

ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ಶ್ರೇಣಿಗಳಲ್ಲಿ 92 ತಂಡಗಳು. ಅದರ ಕೆಳಗಿರುವುದೆಲ್ಲ ‘ನಾನ್-ಲೀಗ್’. ಹೆಸರು ಕೇಳಿದರೆ ಲೀಗೇ ಇಲ್ಲದವರು ಎನಿಸುತ್ತದೆ. ನಿಜಕ್ಕೂ ಅಲ್ಲಿರುವುದು ಮೆಟ್ಟಿಲ ಕೆಳಗೆ ಮೆಟ್ಟಿಲಾಗಿ ಊರೂರಿನ ಲೀಗುಗಳು. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಸ್ಟಾಕ್ಸ್‌ಬ್ರಿಜ್ ಅಂಥದೊಂದು ಮೆಟ್ಟಿಲಿನ ತಂಡ. ಆಟಗಾರರು ವಾರವಿಡೀ ಬೇರೆ ಕೆಲಸ ಮಾಡಿ, ಎರಡು ಸಂಜೆ ಅಭ್ಯಾಸ ಮಾಡಿ, ಶನಿವಾರ ಬೂಟು ಕಟ್ಟುತ್ತಾರೆ. ವಾರ್ಡಿಯೂ ಕಾಲಿಗೆ ಆಧಾರವಾಗಿ ಕಟ್ಟುವ ವೈದ್ಯಕೀಯ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಹದಿನಾರನೆಯ ವಯಸ್ಸಿನಲ್ಲಿ, ಕುಳ್ಳ ಎಂಬ ಕಾರಣಕ್ಕೆ ಶೆಫೀಲ್ಡ್ ವೆಡ್ನೆಸ್‌ಡೇ ಅವನನ್ನು ಕೈಬಿಟ್ಟಿತ್ತು.

ಅಕ್ಟೋಬರ್ ಕೊನೆಯ ವಾರ. ಮಾರನೆಯ ದಿನ ಇಡೀ ದೇಶ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಲಿತ್ತು. ಟ್ರಾಮ್ ಹಿಡಿದು ಮಿಡಲ್‌ವುಡ್‌ವರೆಗೆ ಹೋಗಿ, ಅಲ್ಲಿಂದ ಬಸ್. ದಾರಿಯಲ್ಲಿ ಲೆಪಿಂಗ್ಸ್ ಲೇನ್ ನಿಲ್ದಾಣ ಬಂದಾಗ ಟ್ರಾಮಿನಲ್ಲಿ ಯಾರೂ ತಲೆಯೆತ್ತಲಿಲ್ಲ, ನಾನೊಬ್ಬನೇ ನೋಡಿದೆ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಸಿಕ್ಕಿ 97 ಮಂದಿ ಸತ್ತದ್ದು ಆ ತುದಿಯಲ್ಲಿಯೇ. ದಿನವೂ ಓಡಾಡುವ ದಾರಿಯಲ್ಲಿ ದಿನವೂ ದುಃಖಪಡಲು ಸಾಧ್ಯವಿಲ್ಲ, ನಿಜ.

ಬಸ್ಸು ಕಣಿವೆಯೊಳಗೆ ಇಳಿದಾಗ ಒಂದು ಕಡೆ ಉಕ್ಕಿನ ಕಾರ್ಖಾನೆಯ ಉದ್ದನೆಯ ಶೆಡ್ಡುಗಳು, ಅದರ ಪಕ್ಕಕ್ಕೆ ಹೊಸ ಅಂಗಡಿ ಸಂಕೀರ್ಣ. ಅದಕ್ಕೆ ಫಾಕ್ಸ್ ವ್ಯಾಲಿ ಎಂದು ಹೆಸರು. ಅದರಲ್ಲಿ ನರಿಯೂ ಇಲ್ಲ, ನರಿಯ ಕಥೆಯೂ ಇಲ್ಲ. 1842ರಲ್ಲಿ ಹಳೆಯ ಗಿರಣಿಯೊಂದರಲ್ಲಿ ತಂತಿ ಎಳೆಯುವ ಕೆಲಸ ಆರಂಭಿಸಿದ ಸ್ಯಾಮ್ಯುಯೆಲ್ ಫಾಕ್ಸ್ ಎಂಬವನ ಹೆಸರು ಅದು. ಕಾರ್ಖಾನೆ ಬೆಳೆದು ಊರಾಯಿತು. ಈಗ ಕಾರ್ಖಾನೆ ಕುಗ್ಗಿ, ಅದೇ ನೆಲದ ಮೇಲೆ ಅಂಗಡಿ ಬಂದಿದೆ.

ಬ್ರ್ಯಾಕನ್ ಮೂರ್ ಮೈದಾನ ಗುಡ್ಡದ ಮೇಲಿದೆ. ಬ್ರ್ಯಾಕನ್ ಎಂದರೆ ಒಂದು ಜಾತಿಯ ಜರೀಗಿಡ. ಆ ಹೊತ್ತಿಗೆ ಅದೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನಾನು ಮೂರು ಕಡೆ ನಿಂತು ದಮ್ಮು ಹಿಡಿದುಕೊಂಡು ಹತ್ತಿದೆ. ಟಿಕೆಟ್ ಕಿಂಡಿಯಲ್ಲಿದ್ದ ಹೆಂಗಸು ನನ್ನ ಮುಖವನ್ನು ಒಮ್ಮೆ ನೋಡಿ, ಕೇಳದೆಯೇ ಹಿರಿಯರ ರಿಯಾಯಿತಿ ಕೊಟ್ಟು ‘ಹೋಗಿ, ಲವ್’ ಎಂದರು. ಈ ಊರಿನಲ್ಲಿ ಗಂಡಸು ಗಂಡಸಿಗೂ ಹಾಗೆಯೇ ಅನ್ನುತ್ತಾನೆ, ನಮ್ಮಲ್ಲಿ ‘ಸ್ವಾಮಿ’ ಅಂದ ಹಾಗೆ. ಮೊದಲ ವಾರ ತರಕಾರಿ ಅಂಗಡಿಯವನ ಬಾಯಲ್ಲಿ ಅದನ್ನು ಕೇಳಿ ನಾನು ಗಾಬರಿಯಾಗಿದ್ದೆ.

ಬಂದಿದ್ದವರು ಇನ್ನೂರು ಜನ ಇರಬಹುದು, ನಾಯಿಗಳು ಐದಾರು. ವಾರ್ಡಿಯ ಹೆಸರಿಟ್ಟ ಸ್ಟ್ಯಾಂಡ್ ಕಣ್ಣಿಗೆ ಬಿದ್ದದ್ದೇ ಮೊಬೈಲ್ ತೆಗೆದೆ. ಫೋಟೊ ತೆಗೆದು ತಮ್ಮನಿಗೆ ಕಳಿಸಿ ಹೊಟ್ಟೆಕಿಚ್ಚುಪಡಿಸುವುದು ನನ್ನ ಮುಖ್ಯ ಉದ್ದೇಶವಾಗಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಕಬ್ಬಿಣದ ಕಂಬಿಗೆ ಒರಗಿದ್ದ ಮುದುಕರೊಬ್ಬರು ನನ್ನತ್ತ ತಿರುಗಿ, ‘ಬೇಲಿ ಹಾರಿದ್ದು ಎಲ್ಲಿ ಎಂದು ಕೇಳಬೇಡಿ, ಅದು ಈ ಮೈದಾನದ ಕಥೆಯಲ್ಲ’ ಎಂದರು.

ಬೇಲಿಯ ಕಥೆ ನನಗೂ ಗೊತ್ತಿತ್ತು. 2007ರಲ್ಲಿ ಹೊಡೆದಾಟದ ಪ್ರಕರಣವೊಂದರಲ್ಲಿ ಶಿಕ್ಷೆಯಾಗಿ ವಾರ್ಡಿ ಆರು ತಿಂಗಳು ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಕೊಂಡಿದ್ದ. ಸಂಜೆ ಗೊತ್ತುಪಡಿಸಿದ ಹೊತ್ತಿನೊಳಗೆ ಮನೆ ಸೇರಬೇಕು. ದೂರದ ಊರಿನಲ್ಲಿ ಪಂದ್ಯವಿದ್ದರೆ ಅರ್ಧದಲ್ಲಿಯೇ ಮೈದಾನ ಬಿಟ್ಟು, ಬೇಲಿ ಹಾರಿ, ಹೊರಗೆ ಕಾಯುತ್ತಿದ್ದ ಅಪ್ಪ ಅಮ್ಮನ ಕಾರು ಹತ್ತುತ್ತಿದ್ದನಂತೆ. ಬಂದವರೆಲ್ಲ ಇದನ್ನೇ ಕೇಳಿ ಕೇಳಿ ಮುದುಕರಿಗೆ ರೋಸಿಹೋಗಿರಬೇಕು.

ಎಂಬತ್ತು ದಾಟಿದವರು. ಚಪ್ಪಟೆ ಟೋಪಿ, ಕಿವಿಯಲ್ಲಿ ಯಂತ್ರ, ಕಂಬಿಯ ಮೇಲೆ ಥರ್ಮಾಸ್ ಫ್ಲಾಸ್ಕು. ಫ್ಲಾಸ್ಕು ಹಿಡಿದ ಎಡಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರಿರಬೇಕಾದ ಕಡೆ ನುಣ್ಣನೆಯ ಚರ್ಮ ಒಳಕ್ಕೆ ಮಡಚಿಕೊಂಡಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ‘ತಂತಿ ವಿಭಾಗ’ ಎಂದರು. ಅಷ್ಟೇ. ಆಮೇಲೆ ತಿಳಿದದ್ದು: ಹದಿನೈದಕ್ಕೆ ಕಾರ್ಖಾನೆ ಸೇರಿದವರು, ಅರವತ್ತರ ದಶಕದಲ್ಲಿ ಕಾರ್ಖಾನೆಯದೇ ತಂಡವಾದ ಸ್ಟಾಕ್ಸ್‌ಬ್ರಿಜ್ ವರ್ಕ್ಸ್‌ನಲ್ಲಿ ಎಡಬದಿಯ ರಕ್ಷಣೆಯ ಆಟಗಾರ. ಆ ತಂಡ ಯಾರ್ಕ್‌ಷೈರ್ ಲೀಗನ್ನು ಮತ್ತೆ ಮತ್ತೆ ಗೆದ್ದದ್ದು. 1986ರಲ್ಲಿ ಅದು ಆಕ್ಸ್ಲಿ ಪಾರ್ಕ್ ಎಂಬ ಇನ್ನೊಂದು ತಂಡದೊಂದಿಗೆ ಸೇರಿ ಈಗಿನ ಪಾರ್ಕ್ ಸ್ಟೀಲ್ಸ್ ಆಯಿತು. ಅವರ ಬಾಯಲ್ಲಿ ಮಾತ್ರ ತಂಡದ ಹೆಸರು ಇಂದಿಗೂ ‘ವರ್ಕ್ಸ್’.

ಆ ಪದ ಕಿವಿಗೆ ಬಿದ್ದೊಡನೆ ನನಗೆ ದೂರವಾಣಿನಗರ ನೆನಪಾಯಿತು.

ನಮ್ಮ ಅಪ್ಪ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಕಪ್ಪು ಟೆಲಿಫೋನಿಗೆ ಡಯಲ್ ಜೋಡಿಸುತ್ತಿದ್ದವರು. ಆ ಕಾಲಕ್ಕೆ ಬೆಂಗಳೂರಿನ ಒಳ್ಳೆಯ ಫುಟ್‌ಬಾಲ್ ಎಂದರೆ ಕಾರ್ಖಾನೆಗಳ ಫುಟ್‌ಬಾಲ್. ಆಟ ಬಲ್ಲ ಹುಡುಗನಿಗೆ ಕೆಲಸ, ಕೆಲಸದ ಜೊತೆಗೆ ಜೆರ್ಸಿ. 1977ರಲ್ಲಿ, ಮೊಟ್ಟಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಐ.ಟಿ.ಐ. ತಂಡ ಕಲ್ಕತ್ತೆಯ ಮೋಹನ್ ಬಾಗಾನನ್ನು ಸೋಲಿಸಿದಾಗ ನನಗೆ ಹದಿನಾಲ್ಕು. ಅಪ್ಪ ಎರಡನೆಯ ಪಾಳಿ ಮುಗಿಸಿ ಬಂದವರು ಬಾಗಿಲು ಬಡಿಯುವುದನ್ನು ಬಿಟ್ಟು, ಹೊರಗೆ ನಿಂತೇ ‘ನಾವು ಗೆದ್ದೆವು’ ಎಂದು ಕೂಗಿದರು. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡ ಪಕ್ಕದ ಮನೆಯವರು ಚೊಂಬಿನಲ್ಲಿ ನೀರು ಹಿಡಿದು ಹೊರಬಂದಿದ್ದರು. ಅಪ್ಪ ಆ ತಂಡದವರೇನಲ್ಲ. ವಿಭಾಗ ವಿಭಾಗಗಳ ನಡುವಿನ ಪಂದ್ಯದಲ್ಲಿ ಎರಡು ವರ್ಷ ಗೋಲ್‌ಕೀಪರ್ ಆಗಿದ್ದರು. ಅದಕ್ಕೆ ಸಾಕ್ಷಿಯಾಗಿ ಬೀರುವಿನಲ್ಲಿ ಒಂದು ಫೋಟೊ ಇತ್ತು, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಬರಿಗೈಯಲ್ಲಿ ನಿಂತದ್ದು. ‘ನಾವು’ ಎನ್ನಲು ಅವರಿಗೆ ಅಷ್ಟು ಸಾಕಾಗಿತ್ತು.

ಇದನ್ನೆಲ್ಲ ಮುದುಕರಿಗೆ ಹೇಗೆ ಹೇಳಲಿ? ‘ನಮ್ಮ ತಂದೆಯೂ ಕಾರ್ಖಾನೆಯ ತಂಡದಲ್ಲಿ ಗೋಲ್‌ಕೀಪರ್’ ಎಂದೆ, ಕೊಂಚ ಉಬ್ಬಿಸಿಯೇ. ಅವರು ಕಿವಿಯ ಯಂತ್ರವನ್ನು ಒತ್ತಿ ಸರಿಮಾಡಿಕೊಂಡು ‘ಯಾವ ಕಾರ್ಖಾನೆ?’ ಎಂದರು. ‘ಟೆಲಿಫೋನ್.’ ‘ಎಷ್ಟು ಜನ ಇದ್ದರು?’ ‘ಸಾವಿರಾರು.’ ‘ಇಲ್ಲಿಯೂ’ ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಆಟ ನೋಡಿದೆವು.

ಆಟದಲ್ಲಿ ನೋಡುವಂಥದ್ದು ಹೆಚ್ಚಿರಲಿಲ್ಲ. ಹಳದಿ ಅಂಗಿಯ ನಮ್ಮವರು (ಅರ್ಧ ಗಂಟೆಯೊಳಗೆ ನನಗೂ ಅವರು ‘ನಮ್ಮವರು’ ಆಗಿದ್ದರು) ಗಾಳಿಗೆ ಎದುರಾಗಿ ಒದ್ದ ಚೆಂಡು ಹೋದ ದಾರಿಯಲ್ಲಿಯೇ ವಾಪಸ್ಸು ಬರುತ್ತಿತ್ತು. ಒಂದು ಚೆಂಡಂತೂ ಗೋಡೆ ದಾಟಿ ಇಳಿಜಾರಿಗೆ ಬಿತ್ತು. ಅದನ್ನು ತರಲು ಹೋದ ಹುಡುಗ ಹತ್ತು ನಿಮಿಷವಾದರೂ ಬರಲಿಲ್ಲ. ಮಧ್ಯಂತರಕ್ಕೆ ಐದು ನಿಮಿಷವಿರುವಾಗ ಎದುರಾಳಿಗಳು ಒಂದು ಗೋಲು ಹೊಡೆದರು. ಮುದುಕರು ತಮ್ಮ ಎಡಬದಿಯ ಹುಡುಗನನ್ನೇ ನೋಡುತ್ತಿದ್ದರು. ‘ಒಳಗೆ ಬಾ, ಒಳಗೆ ಬಾ’ ಎಂದು ಅವರು ಗೊಣಗಿದ್ದು ಗೋಲಿಗಿಂತ ಮೂರು ಸೆಕೆಂಡ್ ಮೊದಲು. ಹುಡುಗ ಒಳಗೆ ಬಂದಿರಲಿಲ್ಲ.

ಮಧ್ಯಂತರದಲ್ಲಿ ಮಳೆ. ಮಗಳು ಕೊಟ್ಟಿದ್ದ ಕೊಡೆ ಬಿಚ್ಚಿದೆ. ಮುದುಕರು ತಲೆ ಒಳಗೆ ತೂರಿಸಿ, ಆ ಮೊಂಡು ಬೆರಳಿನಿಂದ ಕೊಡೆಯ ಕಡ್ಡಿಯೊಂದನ್ನು ತಡವಿದರು. ‘ಇದು ನಮ್ಮದು’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಇಂಗ್ಲಿಷಿನ ಯು ಅಕ್ಷರದಂತೆ ತೋಡು ಬಿದ್ದ ಉಕ್ಕಿನ ಕಡ್ಡಿಯನ್ನು 1852ರಲ್ಲಿ ಮಾಡಿದ್ದು ಇದೇ ಫಾಕ್ಸ್. ಅದಕ್ಕೆ ಮೊದಲು ಕೊಡೆಯ ಕಡ್ಡಿಗೆ ತಿಮಿಂಗಿಲದ ಬಾಯಿಯ ಗಟ್ಟಿ ಪಟ್ಟಿಗಳನ್ನು ಬಳಸುತ್ತಿದ್ದರು. ಭಾರ ಬೇರೆ, ನೆನೆದರೆ ಬಿಗಿ ಕಳೆದುಕೊಳ್ಳುವುದು ಬೇರೆ. ತೋಡು ಬಿದ್ದ ಉಕ್ಕು ಹಗುರ, ಆದರೆ ಬಾಗಿದರೂ ಮುರಿಯದು. ಮಗಳ ಕೊಡೆ ಎಲ್ಲಿ ತಯಾರಾದದ್ದೋ, ಆದರೆ ಕಡ್ಡಿಯೊಳಗಿನ ಆ ಸಣ್ಣ ತೋಡನ್ನು ನಾನು ಅರವತ್ತೆರಡು ವರ್ಷದಲ್ಲಿ ಅಂದೇ ಮೊದಲು ಬೆರಳಿಟ್ಟು ನೋಡಿದ್ದು.

ತಿನ್ನಲು ಕಡುಬಿನಂಥ ಪೈ ಮತ್ತು ಬಟಾಣಿ ಬೇಯಿಸಿ ಮಸೆದ ಹಸಿರು ಗೊಜ್ಜು. ಮಾಂಸವಿಲ್ಲದ್ದು ಕೇಳಿದ್ದಕ್ಕೆ ಚೀಸ್-ಈರುಳ್ಳಿಯದು ಸಿಕ್ಕಿತು. ಕೌಂಟರಿನ ಮೇಲೆ ಕಿತ್ತಳೆ ಬಣ್ಣದ ಚೀಟಿಯ ಸೀಸೆ: ಹೆಂಡರ್ಸನ್ಸ್ ರೆಲಿಷ್, 1885ರಿಂದ ಶೆಫೀಲ್ಡ್‌ನಲ್ಲಿಯೇ ತಯಾರಾಗುವ ಕಪ್ಪು ಸಾಸ್. ಚೀಟಿ ಓದಿದೆ. ಹುಣಸೆಹಣ್ಣು, ಲವಂಗ, ಖಾರದ ಪುಡಿ! ಸುರಿದುಕೊಂಡೆ, ಮತ್ತೆ ಸುರಿದುಕೊಂಡೆ. ನನ್ನ ಹಿಂದೆ ನಿಂತಿದ್ದವರು ಈ ಮನುಷ್ಯ ಇಲ್ಲಿಯವನೇ ಎಂಬಂತೆ ಮೆಚ್ಚಿ ನೋಡಿದರು.

ಇಲ್ಲಿ ಆಡಿ ಹೋದವರು ಇನ್ನೂ ಕೆಲವರಿದ್ದಾರೆ. ಈ ಊರಿನಲ್ಲಿಯೇ ಹುಟ್ಟಿ, ವರ್ಕ್ಸ್‌ನಿಂದ ವೆಡ್ನೆಸ್‌ಡೇಗೆ ಹೋದ ಪೀಟರ್ ಯೂಸ್ಟೇಸ್ 1966ರ ಎಫ್.ಎ. ಕಪ್ ಫೈನಲ್ ಆಡಿದ. ಎರಡು ಗೋಲಿನಿಂದ ಮುಂದಿದ್ದ ವೆಡ್ನೆಸ್‌ಡೇ ಆ ದಿನ ಎವರ್ಟನ್‌ಗೆ 3–2ರಿಂದ ಸೋತಿತು. ಇನ್ನು ಕ್ರಿಸ್ ವಾಡಲ್ ತಿರುವುಮುರುವಾಗಿ ಬಂದವನು. 1990ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿಯನ್ನು ಗೋಲುಕಂಬದ ಮೇಲಿಂದ ಆಕಾಶಕ್ಕೆ ಒದ್ದವನು, ವೃತ್ತಿಯ ಸಂಜೆಯಲ್ಲಿ ಇಲ್ಲಿ ಬಂದು ಹಳದಿ ಅಂಗಿ ತೊಟ್ಟ. ಹತ್ತುವವರು, ಇಳಿಯುವವರು ಇಬ್ಬರೂ ಕಾಲಿಡುವ ಮೆಟ್ಟಿಲು ಇದು. ವಾರ್ಡಿಯನ್ನು 2010ರಲ್ಲಿ ಹ್ಯಾಲಿಫ್ಯಾಕ್ಸ್‌ಗೆ ಹದಿನೈದು ಸಾವಿರ ಪೌಂಡಿಗೆ ಕೊಟ್ಟರು. ಎರಡು ವರ್ಷದ ನಂತರ ಲೆಸ್ಟರ್ ಅವನನ್ನು ಕೊಳ್ಳಲು ಕೊಟ್ಟದ್ದು ಹತ್ತು ಲಕ್ಷ. ಲೆಕ್ಕದ ಮನುಷ್ಯನಾದ ನನಗೆ ಆ ಎರಡು ಅಂಕಿಗಳ ನಡುವಿನ ಅಂತರ ನೋಡಿ ಹೊಟ್ಟೆ ಉರಿಯಿತು. ಮುದುಕರಿಗೆ ಉರಿದಂತೆ ಕಾಣಲಿಲ್ಲ. ‘ನೀವು ಎಷ್ಟಕ್ಕೆ ಹೋದಿರಿ?’ ಎಂದು ಕೇಳಿದೆ. ‘ನಾನು ಎಲ್ಲಿಗೂ ಹೋಗಲಿಲ್ಲ’ ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ನನ್ನ ಕೈಗಿಟ್ಟರು. ಹಾಲು ಜಾಸ್ತಿ, ಸಕ್ಕರೆ ಇಲ್ಲ. ಕುಡಿದೆ.

ದ್ವಿತೀಯಾರ್ಧದ ನಡುವೆ ಲಾಟರಿ ಚೀಟಿಯ ಸಂಖ್ಯೆ ಕೂಗಿದರು. ಜನ್ಮದಲ್ಲಿ ಏನನ್ನೂ ಗೆಲ್ಲದ ನನ್ನ ಚೀಟಿಗೇ ಬಹುಮಾನ: ತಟ್ಟೆಯ ತುಂಬ ಹಸಿ ಮಾಂಸ. ಎರಡು ಕೈಯಲ್ಲಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಂಡು ತಂದು, ‘ತಾವೇ ಇಟ್ಟುಕೊಳ್ಳಬೇಕು’ ಎಂದೆ. ಮುದುಕರು ಒಂದು ಮಾತೂ ಬೇಡವೆನ್ನದೆ ಚೀಲ ಬಿಚ್ಚಿದರು. ಇಂಗ್ಲಿಷರ ಉಪಚಾರದ ಬಗ್ಗೆ ನಾನು ಕೇಳಿದ್ದೆಲ್ಲ ಈ ಗುಡ್ಡದ ಮೇಲೆ ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ಹೊನಲು ಬೆಳಕಿನ ದೀಪಗಳು ಹತ್ತಿದ ಮೇಲೆ ಸಮ ಮಾಡುವ ಗೋಲು ಬಂತು. ಎಡಬದಿಯ ಅದೇ ಹುಡುಗ ಗೆರೆಯುದ್ದಕ್ಕೂ ಓಡಿ ಒದ್ದ ಚೆಂಡು, ಯಾರದೋ ಭುಜಕ್ಕೋ ಕಿವಿಗೋ ತಗುಲಿ ಬಲೆ ಸೇರಿತು. ಮುದುಕರು ಚಪ್ಪಾಳೆ ಹೊಡೆಯಲಿಲ್ಲ. ಹುಡುಗ ವಾಪಸ್ಸು ಬರುವಾಗ ಕಂಬಿಯ ಹತ್ತಿರ ಹಾದದ್ದೇ ‘ಈಗ ಒಳಗೆ ಬಾ’ ಎಂದರು. ಹುಡುಗ ಹೆಬ್ಬೆರಳು ತೋರಿಸಿ, ಓಡುತ್ತ ಒಳಗೆ ಸರಿದ. ಉಳಿದ ಇಪ್ಪತ್ತು ನಿಮಿಷ ಆ ಬದಿಯಿಂದ ಯಾರೂ ದಾಟಲಿಲ್ಲ.

ಪಂದ್ಯ ಮುಗಿದ ಮೇಲೆ, ಬಂದ ಕೆಲಸ ನೆನಪಾಗಿ ಸ್ಟ್ಯಾಂಡಿನ ಕಡೆ ಮೊಬೈಲ್ ಎತ್ತಿ ಒಂದೇ ಒಂದು ಫೋಟೊ ತೆಗೆದೆ. ಬಸ್ಸಿನ ಹೊತ್ತಾಗಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಮಗಳು ಮೊಬೈಲನ್ನು ಹಿಗ್ಗಿಸಿ ನೋಡಿದಳು. ಚಿತ್ರದ ನಟ್ಟನಡುವೆ ಚಪ್ಪಟೆ ಟೋಪಿ, ಕೆಳಗೆ ಮಾಂಸದ ಚೀಲ. ಹಿಂದಿನ ಹಲಗೆಯಲ್ಲಿ ‘ಜೇಮಿ’ ಮಾತ್ರ ಓದಬಹುದಿತ್ತು.

‘ಅಪ್ಪಾ, ವಾರ್ಡಿ ಎಲ್ಲಿ?’

‘ಟೋಪಿಯ ಹಿಂದೆ ಇದ್ದಾನೆ’ ಎಂದು ಹೇಳಿ, ಅನ್ನಕ್ಕೆ ಸಾರು ಹಾಕಿಸಿಕೊಂಡೆ.