ರಿಲ್ಯಾಕ್ಸರ್ ಹಾಕಿದ ಕೂದಲು ತುಂಡಾಗುತ್ತಿದ್ದರೆ ಏನು ಮಾಡಬೇಕು

ರಿಲ್ಯಾಕ್ಸರ್ ಹಾಕಿ ನೇರ ಮಾಡಿಸಿದ ಕೂದಲು ಒರಟಾಗಿ, ಬಾಚಿದಾಗಲೆಲ್ಲ ಕೈಗೆ ಬರತೊಡಗಿದರೆ ಹೆಚ್ಚಿನವರು ಮೊದಲು ಹುಡುಕುವುದು ‘ರಿಪೇರ್’ ಎಂದು ಬರೆದಿರುವ ಮಾಸ್ಕನ್ನು. ಅದಕ್ಕೂ ಮುಂಚೆ ಬಾಚಣಿಗೆಗೆ ಸಿಕ್ಕ ಹತ್ತಿಪ್ಪತ್ತು ಎಳೆಗಳನ್ನು ಬಿಳಿ ಕಾಗದದ ಮೇಲೆ ಹರಡಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಎಳೆ ಪೂರ್ತಿ ಉದ್ದವಿದ್ದು ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದಲೇ ಉದುರಿದ ಕೂದಲು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಸಹಜ. ಎರಡೂ ತುದಿಯಲ್ಲಿ ಗಂಟಿಲ್ಲದೆ, ಒಂದೊಂದು ಒಂದೊಂದು ಉದ್ದದ ತುಂಡುಗಳಿದ್ದರೆ ಕೂದಲು ನಡುವೆ ಮುರಿಯುತ್ತಿದೆ ಎಂದರ್ಥ. ಇಲ್ಲಿ ಹೇಳುತ್ತಿರುವುದೆಲ್ಲ ಈ ಎರಡನೆಯ ಸಮಸ್ಯೆಗೆ. ಬಿಳಿ ಗಂಟಿರುವ ಕೂದಲೇ ರಾಶಿ ರಾಶಿ ಉದುರುತ್ತಿದ್ದರೆ, ಅಥವಾ ನೆತ್ತಿಯಲ್ಲಿ ರಂಧ್ರಗಳೇ ಕಾಣದಷ್ಟು ನುಣುಪಾಗಿ ಹೊಳೆಯುವ ಜಾಗಗಳು ಕಂಡರೆ ಎಣ್ಣೆ, ಕಂಡೀಷನರ್ ಹಚ್ಚುತ್ತ ಕಾಯಬೇಡಿ, ಚರ್ಮವೈದ್ಯರ ಬಳಿ ಹೋಗಿ. ಕೂದಲಿನ ಬುಡವೇ ಗಾಯದಿಂದ ಮುಚ್ಚಿಹೋದರೆ ಅಲ್ಲಿ ಮತ್ತೆ ಬೆಳೆಯುವುದಿಲ್ಲ.

ಎರಡನೆಯದಾಗಿ, ತಲೆಗೆ ಹಾಕಿದ್ದು ಯಾವ ರಾಸಾಯನಿಕ ಎಂದು ಖಚಿತ ಮಾಡಿಕೊಳ್ಳಿ. ಸಲೂನಿನಲ್ಲಿ ಮಾಡಿಸಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿವೆ.

ಕೂದಲಿನ ಗಟ್ಟಿತನಕ್ಕೆ ಮುಖ್ಯ ಆಧಾರ ಅದರ ಪ್ರೋಟೀನಾದ ಕೆರಾಟಿನ್‌ನ ಸರಪಳಿಗಳ ನಡುವಿನ ಡೈಸಲ್ಫೈಡ್ ಬಂಧ, ಅಂದರೆ ಎರಡು ಗಂಧಕದ ಪರಮಾಣುಗಳ ಜೋಡಿ. ಸೋಡಿಯಂ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರಿನ ಪಿಎಚ್, ಅಂದರೆ ಆಮ್ಲ-ಕ್ಷಾರಗಳ ಅಳತೆ, 12ರಿಂದ 14ರವರೆಗೆ ಇರುತ್ತದೆ. ಅಷ್ಟು ತೀಕ್ಷ್ಣ ಕ್ಷಾರದಲ್ಲಿ ಆ ಜೋಡಿಯಿಂದ ಒಂದು ಗಂಧಕ ಕಳಚಿಹೋಗಿ, ಲ್ಯಾಂಥಿಯೊನಿನ್ ಎಂಬ ಬೇರೆಯದೇ ಬಂಧ ಉಳಿಯುತ್ತದೆ. ಹೋದ ಗಂಧಕವನ್ನು ಮರಳಿ ಕೂರಿಸುವ ಉತ್ಪನ್ನ ಯಾವುದೂ ಇಲ್ಲ. ಎರಡು ಡಬ್ಬಿಗಳಲ್ಲಿ ಬಂದು ಬೆರೆಸಿ ಹಚ್ಚುವ ‘ನೋ-ಲೈ’ (ಸೋಡಿಯಂ ಹೈಡ್ರಾಕ್ಸೈಡ್ ಇಲ್ಲದ) ರಿಲ್ಯಾಕ್ಸರುಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಗ್ವಾನಿಡೀನ್ ಕಾರ್ಬೊನೇಟ್ ಸೇರಿ ಗ್ವಾನಿಡೀನ್ ಹೈಡ್ರಾಕ್ಸೈಡ್ ಆಗುತ್ತದೆ. ನೆತ್ತಿಗೆ ಉರಿ ಸ್ವಲ್ಪ ಕಡಿಮೆ, ಆದರೆ ಕ್ಯಾಲ್ಸಿಯಂ ಎಳೆಗಳ ಮೇಲೆ ಕೂತು ಕೂದಲು ಮಂಕಾಗಿ, ಒಣಕಲಾಗುತ್ತದೆ. ರೀಬಾಂಡಿಂಗ್‌ನಲ್ಲಿ ಸಾಮಾನ್ಯವಾಗಿ ಬಳಸುವ ಅಮೋನಿಯಂ ಥಯೋಗ್ಲೈಕೊಲೇಟ್‌ನ ದಾರಿ ಬೇರೆ. ಪಿಎಚ್ 9ರ ಆಸುಪಾಸಿನಲ್ಲಿ ಅದು ಬಂಧಗಳನ್ನು ಬಿಡಿಸುತ್ತದೆ, ಆಮೇಲೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ನ್ಯೂಟ್ರಲೈಸರ್ ಅವನ್ನು ಹೊಸ ಆಕಾರದಲ್ಲಿ ಮತ್ತೆ ಜೋಡಿಸುತ್ತದೆ. ಎಲ್ಲವೂ ಜೋಡಣೆಯಾಗುವುದಿಲ್ಲ ಎಂಬುದೇ ಅಲ್ಲಿನ ಹಾನಿ.

ಸೋಡಿಯಂ ಹೈಡ್ರಾಕ್ಸೈಡ್ ಮತ್ತು ನೋ-ಲೈ ಎರಡೂ ಹೈಡ್ರಾಕ್ಸೈಡ್ ಗುಂಪಿನವು, ಥಯೋಗ್ಲೈಕೊಲೇಟ್ ‘ಥಯೋ’ ಗುಂಪಿನದು. ಒಂದು ಗುಂಪಿನ ರಾಸಾಯನಿಕ ಹಾಕಿದ ಕೂದಲಿನ ಮೇಲೆ ಇನ್ನೊಂದು ಗುಂಪಿನದನ್ನು ಹಾಕಲೇಬಾರದು. ಥಯೋ ಮೇಲೆ ಹೈಡ್ರಾಕ್ಸೈಡ್, ಹೈಡ್ರಾಕ್ಸೈಡ್ ಮೇಲೆ ಥಯೋ, ಎರಡೂ ಕೂದಲನ್ನು ಅಲ್ಲಲ್ಲೇ ಕತ್ತರಿಸಿ ಹಾಕಬಲ್ಲವು.

ಬಂಧಗಳ ಜೊತೆಗೆ ಇನ್ನೊಂದು ನಷ್ಟವೂ ಆಗಿರುತ್ತದೆ. ಕೂದಲಿನ ಹೊರಪದರದ ಮೇಲೆ ಹುಟ್ಟಿನಿಂದಲೇ 18-ಎಂಇಎ ಎಂಬ ಕೊಬ್ಬಿನಾಮ್ಲದ ಅತಿ ತೆಳುವಾದ ಲೇಪವಿರುತ್ತದೆ. ಕ್ಷಾರ ಅದನ್ನು ಕಿತ್ತು ಹಾಕುತ್ತದೆ. ಲೇಪ ಹೋದ ಎಳೆ ನೀರನ್ನು ಬೇಗ ಹೀರಿ ಉಬ್ಬುತ್ತದೆ, ಪಕ್ಕದ ಎಳೆಗೆ ಉಜ್ಜಿ ಸಿಕ್ಕಾಗುತ್ತದೆ. ಹಾಗಾಗಿ ಆರೈಕೆಯೆಂದರೆ ಮುಖ್ಯವಾಗಿ ಎರಡು: ಕೂದಲು ಉಬ್ಬುವುದನ್ನು ತಗ್ಗಿಸುವುದು, ಉಜ್ಜಾಟ ಮತ್ತು ಎಳೆತವನ್ನು ತಗ್ಗಿಸುವುದು. ಹಾಳಾದ ಭಾಗ ಮತ್ತೆ ಹೊಸದಾಗುವುದಿಲ್ಲ. ಹೊಸ ಕೂದಲು ಬೆಳೆದು ಬರುವ ತನಕ ಅದನ್ನು ಮುರಿಯದಂತೆ ಉಳಿಸಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು, ಮತ್ತು ಅದು ಖಂಡಿತ ಸಾಧ್ಯ.

ತಲೆಸ್ನಾನ ವಾರಕ್ಕೊಮ್ಮೆ ಸಾಕು, ಬೆವರು ಹೆಚ್ಚಿದ್ದರೆ ಎರಡು ಸಲ. ಸ್ನಾನಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಹೆಗಲುದ್ದದ ಕೂದಲಿಗೆ ಎರಡು ಟೀ ಚಮಚ ಸಾಕು, ಅದೂ ನೇರ ಮಾಡಿಸಿದ ಭಾಗಕ್ಕೆ. ಬೇರೆ ಎಣ್ಣೆ ಆಗದೇ ಎಂದರೆ, ಎಲ್ಲ ಎಣ್ಣೆಯೂ ಎಳೆಯ ಒಳಗೆ ಇಳಿಯುವುದಿಲ್ಲ. 2003ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳ ಪೈಕಿ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಒಳಗಿಳಿದ ಎಣ್ಣೆ ನೀರಿಗೆ ಜಾಗ ಬಿಡುವುದಿಲ್ಲ, ಕೂದಲು ಅಷ್ಟಾಗಿ ಉಬ್ಬುವುದಿಲ್ಲ. ಸ್ನಾನವಾದ ಮೇಲೆ ಹಚ್ಚಿದರೆ ಹೊಳಪು ಸಿಗುತ್ತದೆ, ಈ ರಕ್ಷಣೆ ಸಿಗುವುದಿಲ್ಲ.

ನೀರು ಉಗುರುಬೆಚ್ಚಗಿರಲಿ. ಸಲ್ಫೇಟ್ ಇಲ್ಲದ ಶಾಂಪೂ ಒಂದೂವರೆ ಟೀ ಚಮಚ ತೆಗೆದುಕೊಂಡು ಅದರ ಮೂರರಷ್ಟು ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ನೆತ್ತಿಗೆ ಮಾತ್ರ ಹಚ್ಚಿ. ಕೆಳಗಿನ ಕೂದಲಿಗೆ ಇಳಿದು ಬರುವ ನೊರೆಯೇ ಸಾಕು. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜುವ ಅಭ್ಯಾಸವಿದ್ದರೆ ಇವತ್ತೇ ಬಿಟ್ಟುಬಿಡಿ, ಅರ್ಧ ಸಿಕ್ಕು ಅಲ್ಲೇ ಹುಟ್ಟುತ್ತದೆ. ನೋ-ಲೈ ಹಾಕಿದವರು ಮತ್ತು ಗಡಸು ನೀರು ಬಳಸುವವರು ತಿಂಗಳಿಗೊಮ್ಮೆ ಇಡಿಟಿಎ ಇರುವ ಕೀಲೇಟಿಂಗ್ (ಕ್ಯಾಲ್ಸಿಯಂ ಹಿಡಿದು ತೆಗೆಯುವ) ಶಾಂಪೂ ಬಳಸಿ, ಎರಡು ಮೂರು ನಿಮಿಷ ಬಿಟ್ಟು ತೊಳೆಯಬೇಕು. ಯಾವ ಮಾಸ್ಕ್ ಹಾಕಿದರೂ ಕೂದಲು ಮೆತ್ತಗಾಗುತ್ತಿಲ್ಲ ಎನ್ನುವವರಿಗೆ ಬಹಳ ಸಲ ಇದೊಂದೇ ಹೆಜ್ಜೆ ತಪ್ಪಿರುತ್ತದೆ. ಕ್ಯಾಲ್ಸಿಯಂ ಪದರ ಹೋದ ಮೇಲೆಯೇ ಕಂಡೀಷನರ್ ಎಳೆಗೆ ಅಂಟುವುದು.

ಕಂಡೀಷನರಿನ ಡಬ್ಬಿಯ ಮುಂದಿನ ಬರಹಕ್ಕಿಂತ ಹಿಂದಿನ ಪಟ್ಟಿ ಓದಿ. ಹಾಳಾದ ಕೂದಲಿನ ಮೈ ಮೇಲೆ ಋಣ ವಿದ್ಯುದಂಶ ಹೆಚ್ಚಿರುತ್ತದೆ, ಧನ ವಿದ್ಯುದಂಶದ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್‌ನಂಥವು ಹೆಚ್ಚು ಹಾಳಾದ ಜಾಗಕ್ಕೇ ಹೆಚ್ಚು ಅಂಟುತ್ತವೆ. ಇವುಗಳಲ್ಲಿ ಒಂದು ಪಟ್ಟಿಯ ಮೊದಲ ಐದಾರು ಹೆಸರುಗಳಲ್ಲಿದ್ದರೆ ಒಳ್ಳೆಯದು. ಅಮೋಡೈಮೆಥಿಕೋನ್‌ನಂಥ ಸಿಲಿಕೋನ್ ಬಗ್ಗೆ ಬೇಡದ ಭಯ ಹಬ್ಬಿದೆ. ಹೊರ ಲೇಪ ಕಳೆದುಕೊಂಡ ಕೂದಲಿಗೆ ಅದು ಉಜ್ಜಾಟ ತಗ್ಗಿಸುವ ಒಳ್ಳೆಯ ಸಾಧನ. ಹೆಗಲುದ್ದಕ್ಕೆ ಎರಡು ದೊಡ್ಡ ಚಮಚ ಕಂಡೀಷನರ್ ಹಚ್ಚಿ ಐದು ನಿಮಿಷ ಬಿಡಿ. ಸಿಕ್ಕು ಬಿಡಿಸಬೇಕಾದದ್ದು ಈಗಲೇ, ಜಾರುಗುಣ ಇರುವಾಗ. ಎರಡು ವಾರಕ್ಕೊಮ್ಮೆ ದಪ್ಪನೆಯ ಡೀಪ್ ಕಂಡೀಷನರ್ ಹಚ್ಚಿ, ಕ್ಯಾಪ್ ಹಾಕಿ 20–30 ನಿಮಿಷ ಇರಿ. ರಾತ್ರಿಯಿಡೀ ಒದ್ದೆಯಾಗಿ ಇಟ್ಟುಕೊಂಡರೆ ಹೆಚ್ಚು ಲಾಭವಿಲ್ಲ, ಕೂದಲು ಗಂಟೆಗಟ್ಟಲೆ ಉಬ್ಬಿಕೊಂಡಿರುತ್ತದೆ ಅಷ್ಟೇ.

ಈಗ ಅತಿ ಮುಖ್ಯವಾದ ಜಾಗಕ್ಕೆ ಬರೋಣ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ರಿಲ್ಯಾಕ್ಸರ್ ಹಾಕಿ ಮೂರು ತಿಂಗಳಾದ ತಲೆಯಲ್ಲಿ ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ಕೆಳಗೆ ಸವರಿ. ಮೊದಲ 3 ಸೆಂ.ಮೀ. ದಪ್ಪಗೆ, ಅಂಕುಡೊಂಕಾಗಿ ಸಿಗುತ್ತದೆ. ಆಮೇಲೆ ಒಮ್ಮೆಲೇ ತೆಳ್ಳಗೆ, ನೇರವಾಗಿ, ಜೀವವಿಲ್ಲದಂತಾಗುತ್ತದೆ. ಆ ಗಡಿಯೇ ಮುರಿಯುವ ಜಾಗ. ಬಾಚುವಾಗ ಗಟ್ಟಿ ಭಾಗ ಸುರುಳಿಯಾಗಿ ಬಿಗಿದುಕೊಳ್ಳುತ್ತದೆ, ಎಳೆತವೆಲ್ಲ ಅದರ ಕೆಳಗಿನ ದುರ್ಬಲ ಭಾಗದ ಮೇಲೆ ಬೀಳುತ್ತದೆ. ತಲೆಯನ್ನು ನಾಲ್ಕರಿಂದ ಎಂಟು ಭಾಗ ಮಾಡಿಕೊಳ್ಳಿ. ಒಂದು ಭಾಗವನ್ನು ಗಡಿಗಿಂತ ಸ್ವಲ್ಪ ಕೆಳಗೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಐದಾರು ಸೆಂ.ಮೀ. ಮೊದಲು ಬಿಡಿಸಿ, ಮೆಲ್ಲನೆ ಮೇಲಕ್ಕೆ ಬನ್ನಿ. ಎಳೆತ ಮುಷ್ಟಿಯಲ್ಲೇ ನಿಲ್ಲಬೇಕು, ಗಡಿಗೆ ತಲುಪಬಾರದು. ಗಡಿಯ ಹತ್ತಿರದ ಸಿಕ್ಕನ್ನು ಬೆರಳಿನಿಂದಲೇ ಬಿಡಿಸಿ.

ಬಿಗಿಯಾದ ಜುಟ್ಟು, ರಬ್ಬರ್ ಬ್ಯಾಂಡು, ದಿನವೂ ಒಂದೇ ಜಾಗದಲ್ಲಿ ಕಟ್ಟುವ ತುರುಬು, ಇವೂ ಅದೇ ಗಡಿಯನ್ನು ತಿನ್ನುತ್ತವೆ. ಬುಡ ಮತ್ತು ತುದಿ ಬೇರೆ ಬೇರೆಯಾಗಿ ಕಾಣುವುದು ಬೇಸರವಾದರೆ ಬುಡವನ್ನು ಐರನ್ನಿನಿಂದ ನೇರ ಮಾಡುವ ಬದಲು ತುದಿಯನ್ನೇ ಸುರುಳಿ ಮಾಡಿ. ಒದ್ದೆ ಕೂದಲಿಗೆ ಲೀವ್-ಇನ್ (ತೊಳೆಯದೆ ಬಿಡುವ) ಕಂಡೀಷನರ್ ಹಚ್ಚಿ, ಸಡಿಲವಾಗಿ ಜಡೆ ಹೆಣೆದು ಅಥವಾ ಸ್ಪಂಜಿನ ರೋಲರಿಗೆ ಸುತ್ತಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಎರಡೂ ಭಾಗ ಹೊಂದಿಕೊಳ್ಳುತ್ತವೆ. ಒರೆಸುವುದಕ್ಕೆ ಹಳೆಯ ಹತ್ತಿ ಟೀ ಶರ್ಟ್ ಒತ್ತಿ ಹಿಡಿದರೆ ಸಾಕು. ಮಲಗುವಾಗ ಸ್ಯಾಟಿನ್ ದಿಂಬಿನ ಚೀಲ.

ಪ್ರೋಟೀನ್ ಟ್ರೀಟ್‌ಮೆಂಟ್ ಬೇಕೋ ಬೇಡವೋ ಎನ್ನುವುದನ್ನು ಒದ್ದೆ ಎಳೆ ಹೇಳುತ್ತದೆ. ಬೇರೆ ಬೇರೆ ಜಾಗದಿಂದ ನಾಲ್ಕೈದು ಎಳೆ ತೆಗೆದು ನೆನೆಸಿ, ಮೆಲ್ಲಗೆ ಎಳೆಯಿರಿ. ಆರೋಗ್ಯವಾದ ಒದ್ದೆ ಕೂದಲು ತನ್ನ ಉದ್ದದ ಸುಮಾರು ಮೂರನೇ ಒಂದರಷ್ಟು ಹಿಗ್ಗಿ ಮತ್ತೆ ಹಿಂದಕ್ಕೆ ಬರುತ್ತದೆ. ಚೂಯಿಂಗ್ ಗಮ್ಮಿನಂತೆ ಹಿಗ್ಗುತ್ತಲೇ ಹೋಗಿ ಹಿಂದೆ ಬರದಿದ್ದರೆ ಹೈಡ್ರೊಲೈಸ್ಡ್ ಕೆರಾಟಿನ್ ಅಥವಾ ಗೋಧಿ ಪ್ರೋಟೀನ್ ಇರುವ ಟ್ರೀಟ್‌ಮೆಂಟ್ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟೇ ಹೊತ್ತು ಬಿಟ್ಟು ತೊಳೆದು, ಮೇಲಿಂದ ಕಂಡೀಷನರ್ ಹಾಕಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು. ಹಿಗ್ಗದೆ ಟಪ್ಪೆಂದು ಮುರಿದರೆ ಪ್ರೋಟೀನ್ ನಿಲ್ಲಿಸಿ, ಒಂದು ತಿಂಗಳು ಕಂಡೀಷನರಿನಲ್ಲೇ ಇರಿ. ಪ್ರೋಟೀನ್ ಒಳ್ಳೆಯದೆಂದು ವಾರವಾರ ಹಾಕಿ ಕೂದಲನ್ನು ಕಡ್ಡಿಯಂತೆ ಮಾಡಿಕೊಳ್ಳುವವರು ಕಡಿಮೆಯಿಲ್ಲ. ನೀರಿನ ಲೋಟದಲ್ಲಿ ಕೂದಲು ತೇಲುತ್ತದೋ ಮುಳುಗುತ್ತದೋ ಎಂಬ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಎಳೆಯ ಮೇಲಿನ ಎಣ್ಣೆ, ಗಾಳಿಗುಳ್ಳೆಗಳಿಂದಲೇ ಫಲಿತಾಂಶ ಬದಲಾಗುತ್ತದೆ.

ಮುರಿದ ಬಂಧಗಳನ್ನು ಜೋಡಿಸುತ್ತೇವೆ ಎನ್ನುವ ‘ಬಾಂಡ್ ಬಿಲ್ಡರ್’ಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹಲವು ಬಿಡಿಯಾಗಿ ಉಳಿದ ಗಂಧಕದ ತುದಿಗಳನ್ನು ಉದ್ದೇಶಿಸಿ ಮಾಡಿದಂಥವು, ಹಾಗಾಗಿ ಥಯೋ ಅಥವಾ ಬ್ಲೀಚ್ ಹಾಕಿದ ಕೂದಲಿಗೆ ಹಾಕುವುದರಲ್ಲಿ ಅರ್ಥವಿದೆ. ಹೈಡ್ರಾಕ್ಸೈಡ್ ಹಾಕಿದ ಕೂದಲಿನಲ್ಲಿ ಜೋಡಿಯ ಒಂದು ಗಂಧಕವೇ ಹೋಗಿರುವುದರಿಂದ ಅವುಗಳಿಂದ ಅಷ್ಟು ನಿರೀಕ್ಷೆ ಬೇಡ. ಹಾಳಾದ ಕೂದಲಿಗೆ ‘ಕೆರಾಟಿನ್ ಟ್ರೀಟ್‌ಮೆಂಟ್’ ಮಾಡಿಸಿ ಎಂಬ ಸಲಹೆಗೆ ಅವಸರದಲ್ಲಿ ಒಪ್ಪಬೇಡಿ. ಅದರಲ್ಲಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಐರನ್ನನ್ನು ಮತ್ತೆ ಮತ್ತೆ ಎಳೆಯುತ್ತಾರೆ, ಹಲವು ದ್ರಾವಣಗಳು ಆ ಶಾಖಕ್ಕೆ ಫಾರ್ಮಾಲ್ಡಿಹೈಡ್ ಬಿಡುತ್ತವೆ.

ಮನೆಯ ಐರನ್ನಿನಲ್ಲೂ 170 ಡಿಗ್ರಿ ದಾಟಬೇಡಿ, ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ ಒಂದೇ ಸಲ ಎಳೆಯಿರಿ. ಕೂದಲು ನೂರಕ್ಕೆ ನೂರು ಒಣಗಿರಲೇಬೇಕು. ತೇವವಿದ್ದರೆ ಒಳಗಿನ ನೀರು ಕುದಿದು ಎಳೆಯೊಳಗೇ ಗುಳ್ಳೆಗಳೇಳುತ್ತವೆ, ಆಮೇಲೆ ಆ ಜಾಗದಲ್ಲಿ ಮುರಿಯುವುದು ಖಚಿತ. ‘ಚುಂಯ್’ ಎಂದು ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಬ್ಲೀಚ್ ಅಂತೂ ಬೇಡವೇ ಬೇಡ. ಬಣ್ಣ ಬೇಕೆಂದರೆ ಪೆರಾಕ್ಸೈಡ್ ಇಲ್ಲದ ಸೆಮಿ-ಪರ್ಮನೆಂಟ್ ಮಾತ್ರ.

ಕೂದಲು ಮುರಿಯುತ್ತಿರುವಾಗ ಮತ್ತೆ ರಿಲ್ಯಾಕ್ಸರ್ ಹಾಕಬಾರದು. ಮುಂದೆ ಹಾಕುವ ಯೋಚನೆಯಿದ್ದರೆ ಕೂದಲಿನಾಚೆಗೂ ಒಂದು ವಿಷಯ ತಿಳಿದಿರಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿ ಮಾಡಿದಂತೆ, 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಸಂಭವ ಕೂದಲು ನೇರ ಮಾಡುವ ಉತ್ಪನ್ನ ಬಳಸದವರಲ್ಲಿ ಶೇ. 1.64, ಪದೇ ಪದೇ ಬಳಸುವವರಲ್ಲಿ ಶೇ. 4.05. ಉತ್ಪನ್ನವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ವರ್ಷಕ್ಕೆ ಎಷ್ಟು ಸಲ ಎಂದು ಲೆಕ್ಕ ಹಾಕುವಾಗ ಮರೆಯುವಂಥದ್ದೂ ಅಲ್ಲ.

ಹಾಕುವುದೇ ಆದರೆ ಹಿಂದಿನ ಗುಂಪಿನ ರಾಸಾಯನಿಕವೇ ಇರಲಿ, ನಡುವೆ 10–12 ವಾರ ಅಂತರವಿರಲಿ, ಹೊಸ ಬೆಳವಣಿಗೆಗೆ ಮಾತ್ರ ತಾಗಲಿ. ಹಳೆಯ ಭಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಬಳಿದು ಮುಚ್ಚಿ. ನೆತ್ತಿಯಲ್ಲಿ ಗೀರು, ಗಾಯ, ಕಜ್ಜಿ ಇದ್ದರೆ ಆ ದಿನ ಬೇಡ. ಉರಿ ಶುರುವಾದರೆ ಗಡಿಯಾರ ನೋಡದೆ ತಕ್ಷಣ ತೊಳೆಯಿರಿ, ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಿ. ಹೈಡ್ರಾಕ್ಸೈಡ್ ಆದರೆ ಬಣ್ಣ ಬದಲಾಗುವ ನ್ಯೂಟ್ರಲೈಸಿಂಗ್ ಶಾಂಪೂವಿನಿಂದ, ನೊರೆ ಪೂರ್ತಿ ಬೆಳ್ಳಗಾಗುವ ತನಕ ತೊಳೆಯಬೇಕು. ನಸುಗೆಂಪು ನೊರೆ ಇನ್ನೂ ಕ್ಷಾರ ಉಳಿದಿರುವುದರ ಗುರುತು. ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ ಅದು ಸುಲಭವಾಗಿ ಉಳಿದುಬಿಡುತ್ತದೆ. ಅಲ್ಲಿನ ಕೂದಲು ಮೊದಲು ಮುರಿಯುವುದಕ್ಕೆ ಇದೂ ಒಂದು ಕಾರಣ.

ರಿಲ್ಯಾಕ್ಸರ್ ಬಿಟ್ಟೇಬಿಡುವವರು ಒಂದೇ ಸಲ ಬೋಳಾಗಿ ಕತ್ತರಿಸಬೇಕೆಂದೇನಿಲ್ಲ. ನೇರ ಮಾಡಿಸಿದ ಭಾಗ 30 ಸೆಂ.ಮೀ. ಇದೆ ಎಂದುಕೊಳ್ಳಿ. ತಿಂಗಳಿಗೆ 1 ಸೆಂ.ಮೀ.ನಂತೆ ಕತ್ತರಿಸಿದರೆ ಉದ್ದ ಇದ್ದಷ್ಟೇ ಇರುತ್ತದೆ, ಹಳೆಯದು ಪೂರ್ತಿ ಹೋಗಲು 30 ತಿಂಗಳು ಬೇಕು. 2 ಸೆಂ.ಮೀ.ನಂತೆ ಕತ್ತರಿಸಿದರೆ 15 ತಿಂಗಳಿಗೆ ಮುಗಿಯುತ್ತದೆ, ಕೈಯಲ್ಲಿ 15 ಸೆಂ.ಮೀ. ಹೊಸ ಕೂದಲು ಇರುತ್ತದೆ. ತುದಿ ಸೀಳಿದ್ದರೆ ಸೀಳಿನಿಂದ 1 ಸೆಂ.ಮೀ. ಮೇಲಕ್ಕೆ ಕತ್ತರಿಸಿ, ಇಲ್ಲದಿದ್ದರೆ ಸೀಳು ಮೇಲೇರುತ್ತದೆ. ಕೂದಲಿಗೆಂದೇ ಇರುವ ಹರಿತವಾದ ಕತ್ತರಿ ಬೇಕು. ಕಾಗದ ಕತ್ತರಿಸಿ ಮೊಂಡಾದದ್ದು ಎಳೆಯನ್ನು ಜಜ್ಜಿ, ಕತ್ತರಿಸಿದ ಜಾಗದಲ್ಲೇ ಹೊಸ ಸೀಳು ಎಬ್ಬಿಸುತ್ತದೆ.