ಗೋಮಾಳದ ಹಳ್ಳ: ನಾಲ್ಕನೇ ಮಳೆಗಾಲ ಮುಗಿದ ಮೇಲಿನ ಅಳತೆ

ಕಳೆದ ಭಾನುವಾರ ಮತ್ತೆ ಹಳ್ಳಕ್ಕೆ ಇಳಿದೆವು. ಕೈಯಲ್ಲಿ ಹಗ್ಗ, ಟೇಪು, ಗಾರೆಯವರು ಮಟ್ಟ ನೋಡುವ ನೀರಿನ ಪೈಪು, ಒಂದು ನೋಟ್‌ಬುಕ್. ಹನ್ನೆರಡು ಕಡೆ ಎರಡೂ ದಂಡೆಯ ಮೇಲೆ ಕಬ್ಬಿಣದ ಗೂಟ ಹೊಡೆದಿದ್ದೇವೆ. ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು, ಅರ್ಧ ಅಡಿಗೊಂದು ಕಡೆ ತಳ ಎಷ್ಟು ಕೆಳಗಿದೆ ಅಂತ ಅಳೆಯುವುದು. ಇಷ್ಟೇ ಕೆಲಸ. ಆದರೆ ನಾಲ್ಕು ವರ್ಷದ ಗೆರೆಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದಾಗ ಹಳ್ಳ ಏನು ಮಾಡುತ್ತಿದೆ ಅನ್ನೋದು ಕಣ್ಣಿಗೆ ಕಾಣುತ್ತದೆ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿಂದಿನ ಕಥೆ. ನಮ್ಮೂರು ಚಳ್ಳಕೆರೆ ತಾಲ್ಲೂಕು. ಊರ ಗೋಮಾಳದ ನಡುವೆ ಈ ಹಳ್ಳ ಇದೆ. ವರ್ಷದಲ್ಲಿ ಕೆಲವೇ ದಿನ ಹರಿದು ಕೆಳಗಿನ ಕೆರೆ ತುಂಬಿಸುತ್ತದೆ. ಕೆರೆ ಕೋಡಿ ಬಿದ್ದರೆ ನೀರು ವೇದಾವತಿ ಕಡೆ ಹೋಗುತ್ತದೆ. ಹಿಂದೆ ಯಾವಾಗಲೋ, ನೀರು ಬೇಗ ಕೆರೆಗೆ ಹೋಗಲಿ ಅಂತ ಇದನ್ನು ನೇರ ಕಾಲುವೆ ಮಾಡಿದ್ದರು. ನೇರ ಮಾಡಿದರೆ ದಾರಿ ಚಿಕ್ಕದಾಗುತ್ತದೆ, ಇಳಿಜಾರು ಜಾಸ್ತಿಯಾಗುತ್ತದೆ, ರಭಸವೂ ಜಾಸ್ತಿ. ತಳ ಕೊರೆಯುತ್ತಾ ಹೋಗಿ, ಆಳು ನಿಂತರೆ ತಲೆ ಕಾಣದಷ್ಟು ಕೊರಕಲಾಯಿತು. ಅಕ್ಕಪಕ್ಕದ ನೆಲದ ತೇವವೆಲ್ಲ ಆ ಕೊರಕಲಿಗೇ ಬಸಿದು ಹೋಯಿತು. ಹುಲ್ಲು ಕಡಿಮೆಯಾಗಿ ಬಳ್ಳಾರಿ ಜಾಲಿ ಹಬ್ಬಿತು.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಹುಲ್ಲುಗಾವಲುಗಳಲ್ಲೂ ಇದೇ ಆಗಿದೆ. ಅಲ್ಲಿನವರು ಎಷ್ಟೋ ಕಡೆ ಕೊರಕಲನ್ನು ಪೂರ್ತಿ ಮುಚ್ಚುವುದಿಲ್ಲ. ಅಲ್ಲಲ್ಲೇ ಅಗೆದು, ಆ ಮಣ್ಣಿನಿಂದ ಕೊರಕಲಿಗೆ ಅಡ್ಡ ಬಿರಡೆ ಕಟ್ಟುತ್ತಾರೆ. ಅಗೆದ ಗುಂಡಿಗಳು ಹೊಂಡವಾಗಿ ಉಳಿಯುತ್ತವೆ, ನೀರು ಮೇಲಿನ ಹಳೆಯ ಪಾತ್ರಕ್ಕೆ ಹತ್ತುತ್ತದೆ. ನಾವು 2021ರ ಬೇಸಿಗೆಯಲ್ಲಿ ಊರವರನ್ನೆಲ್ಲ ಕೇಳಿ, ಒಪ್ಪಿಸಿ, ಹೀಗೇ ಮೂರು ಬಿರಡೆ ಕಟ್ಟಿದೆವು. ಹಿರಿಯರು ತೋರಿಸಿದ ಹಳೆಯ ಅಂಕುಡೊಂಕು ಜಾಡನ್ನು ಹನ್ನೆರಡು ಅಡಿ ಅಗಲಕ್ಕೆ ಬಿಡಿಸಿದೆವು.

ಹನ್ನೆರಡು ಅಡಿ ಜಾಸ್ತಿಯಾಗಿತ್ತು. ನನಗೆ ಅದು ಗೊತ್ತಾಗಿದ್ದು ಆ ವರ್ಷದ ನವೆಂಬರ್ ಮಳೆಯಲ್ಲಿ. ನೀರು ತೆಳ್ಳಗೆ ಹರಡಿ, ನಡುವೆಯೇ ಮರಳಿನ ದಿಬ್ಬ ಬಿಟ್ಟು ಹೋಯಿತು. ನಾವು ನೀಟಾಗಿ ಕೆತ್ತಿದ್ದ ದಂಡೆ ನಾಲ್ಕು ಕಡೆ ಕುಸಿಯಿತು. ಕೆಲಸ ಹಾಳಾಯಿತು ಅಂತ ಊರಲ್ಲಿ ಮಾತಾಯಿತು, ನನಗೂ ರಾತ್ರಿ ನಿದ್ದೆ ಬರಲಿಲ್ಲ. ಕುಸಿದ ಕಡೆ ಕಲ್ಲು ಕಟ್ಟೋಣ ಅಂತ ಗೆಳೆಯರು ಹೇಳಿದರು. ಒಂದು ಮಳೆಗಾಲ ಸುಮ್ನೆ ನೋಡೋಣ ಅಂದೆ. ಈ ನಾಲ್ಕು ವರ್ಷದಲ್ಲಿ ನಾವು ತೆಗೆದುಕೊಂಡ ಒಳ್ಳೆಯ ತೀರ್ಮಾನ ಅದು.

2022ರಲ್ಲಿ ಮಳೆ ಹೇಗಿತ್ತು ಅಂತ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 1933ರ ನಂತರ ಮೊದಲ ಸಲ, 89 ವರ್ಷಕ್ಕೆ, ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. ನಮ್ಮ ಹಳ್ಳವೂ ದಂಡೆ ಮೀರಿ ಗೋಮಾಳದ ಮೇಲೆ ಹರಡಿತು. ನಾವು ಕಾಯುತ್ತಿದ್ದದ್ದು ಅದನ್ನೇ. ಕೊರಕಲಿದ್ದಾಗ ಎಂಥ ನೀರು ಬಂದರೂ ಒಳಗೇ ಹೋಗುತ್ತಿತ್ತು. ಈಗ ಹುಲ್ಲಿನ ಮೇಲೆ ಹರಡಿ, ನಿಧಾನವಾಗಿ, ಗೋಡು ಬಿಟ್ಟು ಹೋಯಿತು.

ಐದನೇ ತಿರುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಿರುವಿನಲ್ಲಿ ನೀರು ಹೊರ ದಂಡೆಗೆ ಹೊಡೆಯುತ್ತದೆ, ಅಲ್ಲಿ ಮಡು ಆಗುತ್ತದೆ. ತಳದ ನೀರು ಒಳ ದಂಡೆ ಕಡೆ ಮಗುಚಿ ಮರಳನ್ನು ಅಲ್ಲಿ ತಂದು ಬಿಡುತ್ತದೆ. ಆ ಒಳ ದಂಡೆಯಲ್ಲಿ ಮೊನ್ನೆ ಗುದ್ದಲಿಯಿಂದ ಒಂದು ಕಡೆ ನೆಟ್ಟಗೆ ಕಡಿದು ನೋಡಿದೆವು. ಅಡಿಯಲ್ಲಿ ಗರಸು. ಅದರ ಮೇಲೆ ಒಂದು ಗೇಣು ದಪ್ಪ ಮರಳು. ಅದರ ಮೇಲೆ ಬೆರಳು ದಪ್ಪದ ಕಪ್ಪು ಗೋಡು, ಮತ್ತೆ ಮರಳು, ಮತ್ತೆ ಗೋಡು. ಇಷ್ಟಕ್ಕೂ ಅಡ್ಡಡ್ಡ ಹೊಲಿಗೆ ಹಾಕಿದ ಹಾಗೆ ಗರಿಕೆ ಬೇರು. ಒಂದು ಪದರ ಬಿದ್ದು ಗರಿಕೆ ಮುಚ್ಚಿಹೋದರೆ ಅದು ಮತ್ತೆ ಮೇಲೆ ಬಂದು ಮುಂದಿನ ಗೋಡು ಹಿಡಿಯುತ್ತದೆ. ಅದರ ನಡುವೆ ಕೊನ್ನಾರಿ ಗಡ್ಡೆ. ಹೊಲದಲ್ಲಿ ಅದನ್ನು ಕಂಡರೆ ಬೈಯುತ್ತೇವೆ, ಇಲ್ಲಿ ದಂಡೆ ಹಿಡಿದು ನಿಲ್ಲಿಸಿರುವುದು ಅದೇ.

ಹೀಗೆ ಒಳಗಡೆ ಕಟ್ಟಿಕೊಳ್ಳುತ್ತಾ ಹಳ್ಳ ತನ್ನ ಅಗಲವನ್ನು ತಾನೇ ಕಡಿಮೆ ಮಾಡಿಕೊಂಡಿದೆ. ಹನ್ನೆರಡು ಅಡಿ ಇದ್ದದ್ದು ಈಗ ಸುಮಾರು ಒಂಬತ್ತು. ತಿರುವಿನಿಂದ ಅದೇ ಕಡೆಯ ಮುಂದಿನ ತಿರುವಿಗೆ 105 ಅಡಿ. ಹಳ್ಳದ ಅಗಲದ ಹನ್ನೊಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಲೂನಾ ಲಿಯೋಪೋಲ್ಡ್ ಅನ್ನುವ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಗಾರರು ನೂರಾರು ಅಡಿ ಅಗಲದ ನದಿಗಳಲ್ಲೂ, ಸಣ್ಣ ತೊರೆಗಳಲ್ಲೂ ಹತ್ತಿರಹತ್ತಿರ ಇದೇ ಲೆಕ್ಕ ಕಂಡಿದ್ದರು: ಅಗಲದ ಹತ್ತರಿಂದ ಹದಿನಾಲ್ಕು ಪಟ್ಟು. ನಮ್ಮ ಗೋಮಾಳದಲ್ಲೂ ಅದೇ ಬಂದಾಗ ಟೇಪು ಹಿಡಿದಿದ್ದ ಹುಡುಗ ಇನ್ನೊಂದು ಸಲ ಅಳೆದ. ಮತ್ತೂ 105.

2023 ಬರ. ಹಳ್ಳದಲ್ಲಿ ಒಂದು ದಿನವೂ ಸರಿಯಾಗಿ ನೀರು ಬರಲಿಲ್ಲ. ಅಳತೆಯ ಗೆರೆ ಹಿಂದಿನ ವರ್ಷದ ಗೆರೆಯ ಮೇಲೇ ಕೂತಿತು. ಏನೂ ಬದಲಾಗಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಅದು ತಪ್ಪು. ಬೇರೆಲ್ಲೂ ಮೇವಿಲ್ಲದೆ ಕುರಿಗಳೆಲ್ಲ ಹಳ್ಳದ ದಂಡೆಗೇ ಬಂದಿದ್ದವು. ಒಂಬತ್ತನೇ ಗೂಟದ ಹತ್ತಿರ ದಿನಾ ದಾಟಿ ದಾಟಿ ಮೊಳ ಅಗಲದ ಬೋಳು ದಾರಿ ಬಿದ್ದಿತ್ತು. 2024ರ ಅಕ್ಟೋಬರಿನಲ್ಲಿ, ಚಿತ್ತಾ ಮಳೆಗೆ, ಹಳ್ಳ ಸರಿಯಾಗಿ ಆ ದಾರಿಯಲ್ಲೇ ದಂಡೆ ಒಡೆದು ಹನ್ನೊಂದು ಅಡಿ ಉದ್ದ ಕೊರೆದುಕೊಂಡು ಹೋಯಿತು.

ಅಲ್ಲಿ ಮುಳ್ಳುಬೇಲಿ ಹಾಕೋಣ ಅಂತ ಹೊರಟಿದ್ದೆ. ಕುರಿ ಕಾಯುವ ಅಜ್ಜ ತಡೆದರು.

"ಬೇಲಿ ಹಾಕಿದ್ರೆ ಇನ್ನೊಂದು ಕಡೆ ದಾಟ್ತಾವೆ ಮೇಷ್ಟ್ರೇ. ದಾಟೋಕೆ ನೀವೇ ಒಂದು ಜಾಗ ಮಾಡಿಕೊಡಿ."

"ಎಲ್ಲಿ ಮಾಡೋದು ಅಜ್ಜ?"

"ನೀರು ತೆಳ್ಳಗೆ ಹೋಗೋ ಕಡೆ. ತಿರುವಲ್ಲಿ ಬ್ಯಾಡ."

ಎರಡು ತಿರುವಿನ ನಡುವೆ, ತಳ ಎತ್ತರವಿದ್ದು ಗರಸು ಬಿದ್ದಿರುವ ಕಡೆ, ಚಪ್ಪಡಿ ಕಲ್ಲು ಹಾಸಿ ದಾಟು ಮಾಡಿದ್ದೇವೆ. ಜಾಗ ತೋರಿಸಿದ್ದು ಅವರೇ. ಒಂದು ವಾರದಲ್ಲಿ ಕುರಿಗಳು ಅಲ್ಲೇ ಹೋಗತೊಡಗಿದವು. ಒಡೆದ ದಂಡೆಗೆ ಕಲ್ಲು ಕಟ್ಟಿಲ್ಲ, ಗರಿಕೆಯನ್ನು ಬೇರು, ಮಣ್ಣು ಸಮೇತ ತಂದು ಕೂರಿಸಿದ್ದೇವೆ.

ಇನ್ನು ಮೇಲೆ ನೋಟ್‌ಬುಕ್ಕಿನಲ್ಲಿ ವರ್ಷದ ಜೊತೆಗೆ ದಂಡೆ ಮುಟ್ಟಿ ಹರಿದ ದಿನಗಳನ್ನೂ ಬರೆಯುತ್ತೇನೆ. ನಾಲ್ಕು ವರ್ಷದಲ್ಲಿ ಅಂಥ ದಿನ ಒಟ್ಟು ಹದಿನಾಲ್ಕು. ಹಳ್ಳದ ಆಕಾರ ಬದಲಾಗಿದ್ದು ಆ ಹದಿನಾಲ್ಕು ದಿನದಲ್ಲಿ. ದಂಡೆಯ ಹುಲ್ಲು ಹೇಗಿದೆ ಅನ್ನೋದಕ್ಕೂ ಒಂದು ಕಾಲಂ ಬೇಕು. ಬರದ ವರ್ಷ ಅದನ್ನು ಬರೆದಿದ್ದರೆ ಒಂಬತ್ತನೇ ಗೂಟದ ಸುದ್ದಿ ಮೊದಲೇ ಗೊತ್ತಾಗುತ್ತಿತ್ತು.

ಐದನೇ ತಿರುವಿನ ಹೊರಗಿನ ಗೂಟ ಈಗ ದಂಡೆಯ ಅಂಚಿಗೆ ಒಂದೂಕಾಲು ಅಡಿ. 2021ರಲ್ಲಿ ನಾಲ್ಕು ಅಡಿ ಇತ್ತು. ಭಾನುವಾರ ಅದರ ಹಿಂದೆ ಆರು ಅಡಿಗೆ ಇನ್ನೊಂದು ಗೂಟ ಹೊಡೆದೆವು, ಎರಡರ ಮಟ್ಟವನ್ನೂ ಪೈಪಿನಿಂದ ಹೋಲಿಸಿ ಬರೆದುಕೊಂಡೆವು. ಹಳೆಯದನ್ನು ಕೀಳಲಿಲ್ಲ. ಅದು ಯಾವ ಮಳೆಗೆ ಬೀಳುತ್ತದೆ ಅಂತ ನೋಡಬೇಕು.